ಕೈ ಮೇಲಿದ್ದ ಭಾವನವರ ಹೆಸರು

॥ ತಾಯಿ ಚೌಡಮ್ಮನ ನೆನೆದು ॥

ತಾಳಗುಂದ
12-10-2025, ಭಾನುವಾರ

ಹಾಲಕ್ಕನ ಪಾದಕ್ಕೆ ನಿನ್ನ ತಂಗಿ ರಾಜೇಶ್ವರಿಯ ನಮಸ್ಕಾರ.

ಅಕ್ಕ, ನೀನು ಪ್ರದೀಪನ ಜೊತೆ ಸೊರಬಕ್ಕೆ ಹೋಗಿ ಹನ್ನೊಂದು ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ ಎಂದು ಬೈದುಕೊಂಡಿದ್ದರೆ ಅದು ಸರಿಯೇ, ತಪ್ಪು ನನ್ನದು. ಫೋನ್ ಮಾಡಲಿಲ್ಲ ಎಂದು ಮಾತ್ರ ಬೈಯಬೇಡ. ಎಷ್ಟು ಸಲ ಮಾಡಿದರೂ ಪ್ರದೀಪ, "ಅಮ್ಮ ಮಲಗ್ಯಾರೆ ಚಿಕ್ಕಮ್ಮ" ಅನ್ನುತ್ತಾನೆ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀಯ, ಸಂಜೆ ನಾಲ್ಕಕ್ಕೂ ಮಲಗಿರುತ್ತೀಯ. ಮೂವತ್ತೆರಡು ವರ್ಷ ನಿನ್ನ ವಾರಗಿತ್ತಿಯಾಗಿ ಒಂದೇ ಒಲೆಯ ಮುಂದೆ ಇದ್ದವಳು ನಾನು. ಬಾಣಂತನ ಬಿಟ್ಟರೆ ನೀನು ಹಗಲು ಮಲಗಿದ್ದನ್ನು ನೋಡಿಲ್ಲ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅವರಪ್ಪನಿಗೂ ಬರುತ್ತಿರಲಿಲ್ಲ. ಅದಕ್ಕೇ ಈ ಕಾಗದ.

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಸಾಕಿದ ಕೆಂದ ಹಸು ಹೆಣ್ಣುಗರು ಹಾಕಿದೆ, ತಾಯಿಯ ಹಾಗೆಯೇ ಹಣೆಯಲ್ಲಿ ಬಿಳಿ ಚುಕ್ಕೆ. ಮೆಕ್ಕೆಜೋಳ ಮುರಿಯುವುದು ಈ ವಾರಕ್ಕೆ ಮುಗಿಯುತ್ತದೆ. ನಯನಾಗೆ ಶಿಕಾರಿಪುರದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಕಾಯಂ ಆಯಿತು, ದೊಡ್ಡಮ್ಮನಿಗೆ ಮೊದಲು ಹೇಳು ಅಂದಳು, ಹೇಳಲು ನೀನು ಎದ್ದಿರಲಿಲ್ಲ. ನಮ್ಮ ಮನೆಯವರ ಮಂಡಿ ನೋವು ಹಾಗೆಯೇ ಇದೆ. ಡಾಕ್ಟರು ಹತ್ತಬೇಡಿ ಅಂದ ಕಡೆಗೆಲ್ಲ ಹತ್ತುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಕ, ನನ್ನ ಕೈ ಮೇಲಿದ್ದ ಹಚ್ಚೆಯ ಹೆಸರು ಹೋಯಿತು. ಶಿವಮೊಗ್ಗದಲ್ಲಿ ಲೇಸರ್ ಅಂತ ಒಂದು ಮಿಷನ್ ಇದೆ, ಅದರಿಂದ ತೆಗೆಸಿದೆ. ಐದು ಸಲ ಹೋಗಿ ಬಂದೆ, ಮೊದಲ ಸಲ ಒಬ್ಬಳೇ.

ಭಾವನವರು ತೀರಿಕೊಂಡ ಹನ್ನೊಂದನೆಯ ದಿನ ನೀನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಬಳೆ ತೆಗೆದು ಮುಗಿದಿತ್ತು. ಹೆಂಗಸರೆಲ್ಲ ಗೋಡೆಗೆ ಒರಗಿ ಕೂತಿದ್ದರು. ನಿನಗೆ ನೀರು ಕೊಡಲು ನಾನು ಚೊಂಬು ಚಾಚಿದೆ, ರವಿಕೆಯ ತೋಳು ಮೇಲೆ ಸರಿದು ಮುಂಗೈ ಕಾಣಿಸಿತು. ನೀನು ನೀರು ಮುಟ್ಟಲಿಲ್ಲ. "ನನ್ನ ಬಳೆ ತೆಗ್ದ್ರಿ. ನನ್ನ ಗಂಡನ ಹೆಸರು ಇಟ್ಕಂಡು ಇವಳು ಮುತ್ತೈದೆಯಾಗಿ ಓಡಾಡ್ತಾಳಲ್ಲ, ಇವಳ ಕೈಯಿಂದ ಅದನ್ನ ಯಾರು ತೆಗೀತೀರಿ?" ಅಂದೆ. ಮಾರನೆಯ ದಿನ ನೀನು ಸೊರಬದ ಬಸ್ಸು ಹತ್ತಿದೆ.

ದುಃಖದಲ್ಲಿ ಆಡಿದ ಮಾತು ಅಂತ ಎಲ್ಲರೂ ನನಗೆ ಸಮಾಧಾನ ಹೇಳಿದರು. ಇರಬಹುದು. ಆದರೆ ನೀನು ಕೇಳಿದ ಪ್ರಶ್ನೆ ನ್ಯಾಯವಾದ ಪ್ರಶ್ನೆ, ಉತ್ತರ ಕೊಡಬೇಕಾದವಳು ನಾನು.

ಈ ಹೆಸರು ನನ್ನ ಕೈಗೆ ಹೇಗೆ ಬಂತು ಎಂದು ನಿನಗೆ ಗೊತ್ತಿದೆ. ಆದರೂ ಒಮ್ಮೆ ನನ್ನ ಕಡೆಯಿಂದ ಕೇಳು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಚಪ್ಪರದಲ್ಲಿ ಮದುವೆಯಾಗಿ ಒಂಬತ್ತು ದಿನ. ಹಚ್ಚೆ ಇಲ್ಲದ ಸೊಸೆಯ ಕೈಯಿಂದ ನೀರು ಕುಡಿಯುವುದಿಲ್ಲ ಎಂದು ಗುಡ್ಡಮ್ಮತ್ತೆ ಹಟ ಹಿಡಿದು ಹಚ್ಚೆಯವಳನ್ನು ಕರೆಸಿದರು. ಗಂಡಸರೆಲ್ಲ ಗದ್ದೆಗೆ ಹೋಗಿದ್ದರು. ಮೊದಲು ಕಿರಿಯವಳಿಗೆ ಆಗಲಿ, ಅಳುವವಳು ಇವಳೇ ಅಂತ ನನ್ನನ್ನು ಕೂರಿಸಿದರು. ಗಂಡನ ಹೆಸರು ಹಾಕಬೇಕು. ಹೆಸರು ಹೇಳುವವರು ಯಾರು? ನಾನು ಗಂಡನ ಹೆಸರು ಹೇಳುವ ಹಾಗಿಲ್ಲ. ನೀನೂ ಹೊಸ ಸೊಸೆ, ಆಗ ಮನೆಯ ಗಂಡಸರ ಹೆಸರು ಹೇಳುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ. ಹಚ್ಚೆಯವಳಿಗೆ ಓದು ಬಾರದು, ಬರೆದು ಕೊಟ್ಟರೆ ಅಚ್ಚು ತೆಗೆದ ಹಾಗೆ ಚುಚ್ಚುತ್ತಿದ್ದಳು. ಅತ್ತೆಗೂ ಓದು ಬಾರದು. ಅವರು ಒಳಗಿನಿಂದ ಲಗ್ನಪತ್ರಿಕೆ ತಂದರು. ಎಡಗಡೆ ದೊಡ್ಡವನ ಹೆಸರು, ಬಲಗಡೆ ಚಿಕ್ಕವನದು ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಪತ್ರಿಕೆಯನ್ನು ಹಚ್ಚೆಯವಳ ಕಡೆಗೆ ತಿರುಗಿಸಿ ನೆಲದ ಮೇಲಿಟ್ಟು, ತಾವು ಎದುರಿಗೆ ಕೂತು, ತಮ್ಮ ಬಲಗೈ ಕಡೆಗಿದ್ದ ಹೆಸರಿನ ಮೇಲೆ ಬೆರಳಿಟ್ಟರು. ಪತ್ರಿಕೆ ತಿರುಗಿದರೆ ಎಡಬಲವೂ ತಿರುಗುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ.

ರಕ್ತ ನೋಡಬಾರದು ಅಂದಿದ್ದರು, ನಾನು ಕಣ್ಣು ಮುಚ್ಚಿದ್ದೆ. ಮೇಲೆ ಸೊಪ್ಪಿನ ರಸ, ಅರಿಶಿನ ಬಳಿದರು. ಕೈ ಊದಿಕೊಂಡಿತು. ಐದನೆಯ ದಿನ ಹಕ್ಕಳೆ ಬಿಟ್ಟ ಮೇಲೆ ನಮ್ಮ ಮನೆಯವರು ನನ್ನ ಕೈ ಹಿಡಿದು, ಏನು ಬರೆಸಿಕೊಂಡಿದ್ದೀಯ ನೋಡೋಣ ಅಂತ ನಗುತ್ತ ಓದಿದರು. ಓದಿ, ಬೇರೆಯವರ ಮನೆಯ ಸಾಮಾನು ಗೊತ್ತಿಲ್ಲದೆ ಮುಟ್ಟಿದವರ ಹಾಗೆ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. "ಆತು ಬಿಡು, ಅಣ್ಣಂದೇ ಅಲ್ವಾ" ಅಂದರು. ಅತ್ತೆಗೆ ವಿಷಯ ಗೊತ್ತಾಗಿ, ನಿನ್ನ ಕೈಗೆ ಹೆಸರು ಹಾಕಲು ಮತ್ತೆ ಬಂದ ಹಚ್ಚೆಯವಳನ್ನು ಬೈದು ಓಡಿಸಿದರು. ನಿನ್ನ ಕೈಗೆ ಹೂಬಳ್ಳಿಯಷ್ಟೇ ಆಗಿತ್ತು, ಹೆಸರು ಹಾಕಿಸುವ ಮಾತು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಬೋರ್‌ವೆಲ್ ಹತ್ತಿರ ಹೆಂಗಸರು ಬಿಡುತ್ತಾರೆಯೇ? "ಏನೇ ರಾಜಿ, ಕೈ ಮೇಲೊಬ್ಬ, ಮನಿಯಾಗೊಬ್ಬ!" ಸೆಕೆಗಾಲದಲ್ಲೂ ಮುಂಗೈ ಮುಚ್ಚುವ ತುಂಬುತೋಳಿನ ರವಿಕೆ ಹೊಲಿಸಿದೆ. ನಯನಾಳ ಮದುವೆಯ ಫೋಟೋಗಳಲ್ಲಿ ನೋಡು, ಎಲ್ಲದರಲ್ಲೂ ನನ್ನ ಬಲಗೈ ಬೆನ್ನ ಹಿಂದೆ ಇದೆ. ನಮ್ಮ ಮನೆಯವರು ಒಳ್ಳೆಯವರೇ, ಆದರೆ ಸಿಟ್ಟು ಬಂದಾಗ, "ನನ್ನನ್ನೇನು ಕೇಳ್ತೀಯ, ಕೈ ಮೇಲಿರೋರನ್ನ ಕೇಳು" ಅನ್ನುತ್ತಿದ್ದರು. ಭಾವನವರಂತೂ ನಾನಿದ್ದ ಕೋಣೆಯಲ್ಲಿ ಒಂದು ಗಳಿಗೆ ನಿಂತವರಲ್ಲ. ಅಡಿಗೆಮನೆಗೆ ಬರಬೇಕಾದರೆ ಅಂಗಳದಿಂದಲೇ ಕೆಮ್ಮುತ್ತ ಬರುತ್ತಿದ್ದರು. ಯಾರದೋ ಬೆರಳು ತಪ್ಪಿದ್ದಕ್ಕೆ ಆ ಮನುಷ್ಯ ಸಾಯುವವರೆಗೂ ತಮ್ಮ ಮನೆಯಲ್ಲೇ ಕೆಮ್ಮಿ ಕೆಮ್ಮಿ ಓಡಾಡಬೇಕಾಯಿತು.

ಹಚ್ಚೆ ತೆಗೆಸಬಹುದು ಎಂದು ನಯನಾ ಮೊದಲೇ ಹೇಳಿದ್ದಳು. ನನಗೇ ಧೈರ್ಯವಿರಲಿಲ್ಲ. ಹೆಂಗಸು ಸತ್ತಾಗ ಮೈ ಮೇಲಿನ ಬಂಗಾರವೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆ ಒಂದೇ ಎಂದು ನಮ್ಮವ್ವ ಹೇಳುತ್ತಿದ್ದರು. ಅದನ್ನು ಸುಡಿಸಿಕೊಂಡರೆ ಪಾಪವೇ ಎಂದು ಯಾರನ್ನು ಕೇಳಲಿ? ಚೌಡಮ್ಮನ ಗುಡಿಗೆ ಹೋಗಿ ಹೂವು ಕೇಳಿದೆ. ಮೊದಲ ಮಂಗಳವಾರ ತಾಯಿ ಕೊಡಲಿಲ್ಲ. ಎರಡನೆಯ ಮಂಗಳವಾರವೂ ಇಲ್ಲ. ಮೂರನೆಯ ಸಲ, "ನೀನೂ ಹೆಂಗಸು, ಯೋಚನೆ ಮಾಡಿ ಹೇಳು, ನಾನು ಏಳಾದಿಲ್ಲ" ಅಂತ ಮೂರ್ತಿಯ ಮುಂದೆ ಕೂತೆ. ಪೂಜಾರಿ ಯಲ್ಲಪ್ಪ ಗಂಟೆ ನೋಡಿಕೊಂಡು, "ರಾಜಮ್ಮ, ನನ್ನ ಊಟನಾದ್ರೂ ಆಗ್ಲವ್ವಾ" ಅಂದ. ಅಷ್ಟರಲ್ಲಿ ಬಲಗಡೆಯ ಸೇವಂತಿಗೆ ಬಿತ್ತು. ಅವನ ಹೊಟ್ಟೆ ನೋಡಿ ಕೊಟ್ಟಳೋ ನನ್ನ ಮುಖ ನೋಡಿ ಕೊಟ್ಟಳೋ, ಕೊಟ್ಟಳು.

ಕರು ಹಗ್ಗ ಬಿಚ್ಚಿಕೊಂಡು ಹಿತ್ತಲ ಮೆಣಸಿನ ಗಿಡಕ್ಕೆ ನುಗ್ಗಿತು, ನಾಳೆ ಮುಂದುವರಿಸುತ್ತೇನೆ.

ಸೋಮವಾರ

ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ಹೂವು ಬಿತ್ತು. ಸಂಕ್ರಾಂತಿ ಕಳೆದ ವಾರ ಯಾರಿಗೂ ಹೇಳದೆ ಶಿಕಾರಿಪುರಕ್ಕೆ ಹೋಗಿ ಶಿವಮೊಗ್ಗದ ಬಸ್ಸು ಹತ್ತಿದೆ. ಚರ್ಮದ ಡಾಕ್ಟರಮ್ಮನ ಕ್ಲಿನಿಕ್ಕು ಎರಡನೆಯ ಮಹಡಿ. ಕೌಂಟರಿನ ಹುಡುಗಿ ಗಂಡನ ಹೆಸರು ಹೇಳಿ ಅಂದಳು. ಆಧಾರ್ ಕಾರ್ಡು ಮುಂದಿಟ್ಟು, "ಓದ್ಕಳವ್ವಾ" ಅಂದೆ. ಅವಳು ಜೋರಾಗಿ "ಜಯಪ್ಪ" ಎಂದು ಓದಿ ಬರೆದುಕೊಂಡಳು. ಒಳಗೆ ಹೋದರೆ ಡಾಕ್ಟರಮ್ಮ ನನ್ನ ಕೈ ಹಿಡಿದು, "ಕೆಂಪಪ್ಪ ಅಂತಿದೆ. ಇವರು ಯಾರು, ತಂದೆಯವರಾ?" ಅಂದರು. ಅಕ್ಕ, ಅಷ್ಟು ವರ್ಷದಲ್ಲಿ ಆ ಹೆಸರನ್ನು ನನ್ನ ಕೈ ಹಿಡಿದುಕೊಂಡು ಬಾಯಿ ಬಿಟ್ಟು ಓದಿದವರು ಅವರೇ ಮೊದಲು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. "ಇದು ಮಸಿಯ ಹಚ್ಚೆ ಕಣಮ್ಮ, ಇದಕ್ಕಿಂತ ಈಗಿನ ಹುಡುಗರ ಬಣ್ಣದ್ದೇ ಕಷ್ಟ. ನಾಲ್ಕೈದು ಸಲ ಬರಬೇಕು" ಅಂದರು.

ಹೊರಗೆ ಸರದಿಗೆ ಕೂತಿದ್ದವರಲ್ಲಿ ಹೆಚ್ಚಿನವರು ಮುಖದ ಬಂಗು ತೆಗೆಸಲು ಬಂದವರು. ಪಕ್ಕದಲ್ಲಿ ಅಶ್ವಿನಿ ಅಂತ ಒಬ್ಬ ಹುಡುಗಿ, ಮಣಿಕಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಬೇಸಿಗೆಯಲ್ಲಿ ಮದುವೆಯಂತೆ, ಬರೆದಿದ್ದು ಬೇರೆಯವನ ಹೆಸರಂತೆ. ನನ್ನ ಕೈ ನೋಡಿ ಕಿವಿಯ ಹತ್ತಿರ ಬಂದು, "ಆಂಟಿ, ನಿಮ್ದೂ ಹಳೇ ಲವ್ವರ್ರಾ?" ಅಂದಳು.

"ಅಲ್ಲ ಕಣವ್ವಾ, ನಮ್ಮ ಭಾವನೋರು."

"ಅಯ್ಯಯ್ಯೋ! ಭಾವನ್ನಾ?"

"ನೀನು ಅಂದ್ಕಂಡಂಗಲ್ಲ ಬಿಡೇ" ಅಂತ ಎಲ್ಲ ಹೇಳಿದೆ. ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೂ ನಗು ಬಂತು. ಆ ಹೆಸರಿನ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು. "ನಾನು ಬೇಕು ಅಂತ ಬರೆಸಿ ಈಗ ಬೇಡ ಅಂತಿದೀನಿ, ನೀವು ಬೇಡದೆ ಇದ್ದಿದ್ದನ್ನ ಇಷ್ಟು ವರ್ಷ ಹೊತ್ಕೊಂಡಿದ್ರಲ್ಲ ಆಂಟಿ" ಅಂದಳು. ಸಣ್ಣ ಹುಡುಗಿ, ಆದರೆ ಬುದ್ಧಿಯಿದೆ.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಮಲಗಿಸಿದರು. ಟಕ್ ಟಕ್ ಅಂತ ಸದ್ದು. ಒಗ್ಗರಣೆಯ ಸಾಸಿವೆ ಸಿಡಿದು ಒಂದೇ ಜಾಗಕ್ಕೆ ಬೀಳುತ್ತಿದ್ದರೆ ಹೇಗೆ, ಹಾಗೆ. ಕೂದಲು ಸುಟ್ಟ ವಾಸನೆ. ಹಚ್ಚೆ ಹಾಕುವಾಗ ನಾನು ಊರಿಗೆಲ್ಲ ಕೇಳುವ ಹಾಗೆ ಅತ್ತಿದ್ದೆ, ತೆಗೆಯುವಾಗ ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಐದು ನಿಮಿಷವೂ ಆಗಲಿಲ್ಲ, "ಏಳಿ ಅಮ್ಮ" ಅಂದರು. ಅಕ್ಷರಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಹೋಗೇಬಿಟ್ಟಿತು ಅಂದುಕೊಂಡೆ. ಅದು ಹಾಗಲ್ಲವಂತೆ. ಬೆಳಕು ಮಸಿಯನ್ನು ಪುಡಿ ಮಾಡುತ್ತದೆ ಅಷ್ಟೇ, ಆ ಪುಡಿಯನ್ನು ದಿನಾ ಒಂದಿಷ್ಟು ಹೊರಗೆ ಸಾಗಿಸುವುದು ನಮ್ಮ ಮೈಯೇ ಅಂತೆ. ಹಾಗಾದರೆ ಮಿಷನ್ನಿನದು ಐದು ನಿಮಿಷದ ಕೆಲಸ, ಉಳಿದದ್ದೆಲ್ಲ ನನ್ನದು ಅಂದೆ. ಡಾಕ್ಟರಮ್ಮ ನಕ್ಕು ಹೌದು ಅಂದರು. ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ, ಯಾರಿಗೂ ಬಿಟ್ಟುಕೊಡಲಿಲ್ಲ.

ಮನೆಯಲ್ಲಿ ಕೈಗೆ ಕಟ್ಟಿದ ಬಟ್ಟೆ ನೋಡಿ ನಮ್ಮ ಮನೆಯವರು, "ಸುಟ್ಕಂಡ್ಯಾ?" ಅಂದರು. "ಹೂಂ, ಸುಟ್ಕಂಡೆ" ಅಂದೆ. ಬೊಬ್ಬೆ ಬಂತು. ಅರಿಶಿನ ಹಚ್ಚಬಾರದು, ಬಿಸಿಲು ಬೀಳಬಾರದು. ಹೊಲಕ್ಕೆ ಹೋಗಬೇಕಲ್ಲ, ಅವರದೇ ಹಳೇ ತುಂಬುತೋಳಿನ ಅಂಗಿ ಸೀರೆಯ ಮೇಲೆ ತೊಟ್ಟು ಕಳೆ ತೆಗೆದೆ. ಪಕ್ಕದ ಹೊಲದವರು, "ರಾಜಮ್ಮಗೆ ಈಗ ಬ್ಯೂಟಿ ಪಾರ್ಲರ್ ಹುಚ್ಚು ಹಿಡಿದೈತೆ" ಅಂತ ಕೂಗಿದರು. "ಹೂಂ ಕಣ್ರೀ, ಮುಂದಿನ ವರ್ಷ ಸಿನಿಮಾದಾಗೆ ನೋಡ್ರಿ" ಅಂತ ನಾನೂ ಕೂಗಿದೆ. ಮೊದಲಾಗಿದ್ದರೆ ಮುಖ ತಗ್ಗಿಸಿ ಮನೆಗೆ ಬಂದುಬಿಡುತ್ತಿದ್ದೆ.

ಬಟ್ಟೆ ಬಿಚ್ಚಿದ ದಿನ ಮನೆಯವರಿಗೆ ಗೊತ್ತಾಯಿತು. ಹೆಸರು ಅರ್ಧ ಮಾಸಿತ್ತು. ತಟ್ಟೆಯ ಮುಂದೆ ಕೂತವರು ಬಡಿಸುತ್ತಿದ್ದ ಕೈಯನ್ನೇ ನೋಡಿದರು. ಸಾರು ಆರಿತು. "ನನಗೆ ಹೇಳ್ಬಾರ್ದಿತ್ತಾ?" ಅಂದರು. "ಹಾಕಿಸುವಾಗ ನನ್ನನ್ನ ಯಾರು ಕೇಳಿದ್ರು?" ಅಂದೆ. ಮುಂದಿನ ಸಲ ನನಗಿಂತ ಮೊದಲೇ ಬಸ್ ಸ್ಟಾಂಡಿನಲ್ಲಿ ನಿಂತಿದ್ದರು. ಆ ಮಂಡಿಯಲ್ಲಿ ಎರಡು ಮಹಡಿ ಹತ್ತಿ, ಬಂಗು ತೆಗೆಸುವ ಹೆಣ್ಣುಮಕ್ಕಳ ಮಧ್ಯೆ ತೊಡೆಯ ಮೇಲೆ ಟವೆಲ್ ಇಟ್ಟುಕೊಂಡು ಕೂತರು. ಉಳಿದ ನಾಲ್ಕು ಸಲವೂ ಬಂದರು.

ಕೊನೆಯ ಸಲ ಹೋದದ್ದು ಹೋದ ತಿಂಗಳು. ಈಗ ಪೂರ್ತಿ ಹೋಗಿದೆ. ಬಿಸಿಲಿಗೆ ಹಿಡಿದರೆ ಆ ಜಾಗ ಒಂಚೂರು ಬಿಳಿಚಿಕೊಂಡಿದೆ ನಿಜ, ಆದರೆ ಓದಲು ಯಾರಿಗೂ ಆಗುವುದಿಲ್ಲ. ನಯನಾ ಎಲ್ಲ ಕಡೆಯಿಂದ ತಿರುಗಿಸಿ ನೋಡಿ, "ಪಾಸು ಕಣಮ್ಮ" ಅಂದಳು. ಊರಿಗೆ ಬರುವಾಗ ಬಸ್ಸಿನಲ್ಲಿ ಮನೆಯವರು ಕಿಟಕಿಯ ಕಡೆ ನೋಡುತ್ತ, "ಈಗ ನನ್ನ ಹೆಸರು ಹಾಕಿಸ್ಕಳ್ತೀಯೇನೇ?" ಅಂದರು. ತಮಾಷೆಗೆ ಅಂದರೂ ಆಸೆಯಿತ್ತು. ನಾನು, "ಇಲ್ಲ. ನೀವು ಪಕ್ಕದಾಗೇ ಕೂತೀರಲ್ಲ, ಬರ್ಕಳದು ಯಾಕೆ? ಈ ಕೈ ಇನ್ನು ನಂದು" ಅಂದೆ. "ಅದೂ ಸರಿನೇ" ಅಂದರು. ಅಕ್ಕ, ಹೊಗಳಿಕೊಳ್ಳುತ್ತಾಳೆ ಅಂದುಕೊಂಡರೂ ಪರವಾಗಿಲ್ಲ, ಏಳನೇ ಕ್ಲಾಸು ಓದಿದ ನಿನ್ನ ತಂಗಿ ಈ ಕೆಲಸ ಮಾಡಿದಳು. ದಸರಾ ಪೂಜೆಗೆ ಅರ್ಧತೋಳಿನ ರವಿಕೆ ತೊಟ್ಟು ಚೌಡಮ್ಮನಿಗೆ ಆರತಿ ಎತ್ತಿದೆ.

ಇನ್ನು ಈ ಕಾಗದ ಬರೆಯಲು ಕಾರಣ. ಕಾರ್ತಿಕದಲ್ಲಿ ಭಾವನವರ ವರ್ಷದ ಎಡೆ. ಪ್ರದೀಪ ಸೊರಬದಲ್ಲೇ ಮಾಡುತ್ತೇವೆ ಅಂದನಂತೆ. ಅದನ್ನು ಕೇಳಿದಾಗಿನಿಂದ ನಮ್ಮ ಮನೆಯವರು ಸರಿಯಾಗಿ ಊಟ ಮಾಡುತ್ತಿಲ್ಲ. ಅಣ್ಣನ ಮೊದಲ ಎಡೆ ಹುಟ್ಟಿದ ಮನೆಯಲ್ಲಿ ಆಗದೆ ಕ್ವಾರ್ಟರ್ಸಿನಲ್ಲಿ ಆಗುವುದೇ? ನೀನು ಬರಬೇಕು. ಎಡೆಗೆ ಏನೇನು ಇಡಬೇಕು, ಅವರಿಗೆ ಯಾವುದರಲ್ಲಿ ಉಪ್ಪು ಹೆಚ್ಚು ಬೇಕಿತ್ತು ಎಂದು ಗೊತ್ತಿರುವುದು ನಿನಗೆ ಮಾತ್ರ. ಮುಂದೆ ನಿಲ್ಲಬೇಡ, ಹಿಂದೆ ಕೂರು ಎಂದು ಯಾವ ಹೆಂಗಸಾದರೂ ನಿನಗೆ ಹೇಳಿದರೆ ಅವಳಿಗೆ ಉತ್ತರ ಕೊಡುವುದು ನನ್ನ ಕೆಲಸ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ಪ್ರದೀಪ, ಅವನ ಹೆಂಡತಿ, ಮಕ್ಕಳಿಗೆ ಈ ಚಿಕ್ಕಮ್ಮನ ಆಶೀರ್ವಾದ. ಕರೆಂಟಿನ ಕಂಬ ಹತ್ತುವ ಕೆಲಸದವನು, ಮಳೆಗಾಲ ಇನ್ನೂ ಮುಗಿದಿಲ್ಲ, ಹುಷಾರಾಗಿರಲು ಹೇಳು. ಅವನ ಹೆಸರಲ್ಲಿ ಚೌಡಮ್ಮನಿಗೆ ಕುಂಕುಮಾರ್ಚನೆ ಮಾಡಿಸಿದ್ದೇನೆ, ಕುಂಕುಮ ಇದರೊಳಗೇ ಇದೆ. ತಾಯಿ ನಿನ್ನ ಮನಸ್ಸನ್ನು ತಣ್ಣಗಿಡಲಿ.

ನಿನ್ನ ತಂಗಿ,
ರಾಜೇಶ್ವರಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂತ ಎರಡು ದಿನ ತಡೆದುಕೊಂಡೆ. ಅಕ್ಕ, ಅವತ್ತು ಹಚ್ಚೆ ಹಾಕುವಾಗ ನನ್ನ ತಲೆ ನಿನ್ನ ತೊಡೆಯ ಮೇಲಿತ್ತು. ಮೊದಲ ಅಕ್ಷರ ಮುಗಿದಾಗ ನಿನ್ನ ಮೈ ಬಿಗಿಯಾಯಿತು. ನಾನು ಕಣ್ಣು ಬಿಟ್ಟು ನಿನ್ನ ಮುಖ ನೋಡಿದೆ. ನೀನು ನನ್ನ ಕೈ ನೋಡುತ್ತಿದ್ದೆ, ಆಮೇಲೆ ಅತ್ತೆಯ ಮುಖ ನೋಡಿದೆ. ಆಮೇಲೆ ನಿನ್ನ ಸೆರಗು ತಂದು ನನ್ನ ಕಣ್ಣಿನ ಮೇಲಿಟ್ಟು, "ನೋಡಬ್ಯಾಡ ರಾಜಿ, ಇನ್ನೇನು ಮುಗೀತು" ಅಂದೆ. ಎಷ್ಟು ಒಳ್ಳೆಯ ಅಕ್ಕ ಸಿಕ್ಕಳು ಅಂದುಕೊಂಡೆ. ನೀನು ಎಸ್ಸೆಸ್ಸೆಲ್ಸಿ ಓದಿದವಳು ಎಂಬುದು ಐದನೆಯ ದಿನ ನೆನಪಾಯಿತು. ಗಂಡನ ಹೆಸರು ಹೇಳುವ ಹಾಗಿರಲಿಲ್ಲ, ಸರಿ. ಒಂಬತ್ತು ದಿನದ ಸೊಸೆ, ಅತ್ತೆಯ ಬೆರಳು ತಪ್ಪು ಅನ್ನಲು ಹೆದರಿದೆ, ಅದೂ ಸರಿ, ನಾನಾಗಿದ್ದರೂ ಹೆದರುತ್ತಿದ್ದೆ. ಆದರೆ ಆಮೇಲೆ ಇಷ್ಟು ವರ್ಷ ಇದ್ದವು. ಬೋರ್‌ವೆಲ್ ಹತ್ತಿರ ಅವರೆಲ್ಲ ನಗುವಾಗ ನೀನು ನನ್ನ ಪಕ್ಕದಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದೆ. ಕೇಳಿದರೆ ನೀನು ಹೌದು ಅಂದುಬಿಡುತ್ತೀಯೇನೋ ಎಂಬ ಹೆದರಿಕೆಗೆ ನಾನು ಕೇಳಲಿಲ್ಲ. ಈಗ ಹೆದರಿಕೆ ಇಲ್ಲ. ಎಡೆಯ ಹಿಂದಿನ ದಿನವೇ ಬಾ. ಸೊಪ್ಪು ಸೋಸುತ್ತ ಕೂತಾಗ, ಹೌದು ರಾಜಿ, ನೋಡಿದ್ದೆ ಅಂತ ಒಂದು ಮಾತು ನೀನಾಗಿ ಹೇಳು. ನಾನು ತಿರುಗಿ ಏನೂ ಅನ್ನುವುದಿಲ್ಲ, ಇಬ್ಬರೂ ಸೇರಿ ಅಡಿಗೆ ಮಾಡೋಣ.